ಔಟ್‌ಟರ್ನ್

ಎಂಬತ್ತು ಕಿಲೋ ಹಸಿಬೀಜದ ಮೂಟೆ ಒಡೆದರೆ
ಎಷ್ಟು ಪೌಂಡು ತಿರುಳು ಸಿಗುತ್ತದೋ, ಅದು ಔಟ್‌ಟರ್ನ್.
ನಲವತ್ತೆಂಟು ಬಂದರೆ ಬಂದರಿನಲ್ಲಿ ಧಣಿಗಳು ನಗುತ್ತಾರೆ,
ನಲವತ್ತನಾಲ್ಕಕ್ಕೆ ಇಳಿದರೆ ಫೋನು ಎತ್ತುತ್ತಾರೆ.
ಅರ್ಥಶಾಸ್ತ್ರದ ಮೊದಲ ಪಾಠ ನನಗಾದದ್ದು ಹೀಗೆ,
ಕುಲಶೇಖರದ ಬೀಜದ ಕಾರ್ಖಾನೆಯ ಗೇಟಿನ ಹೊರಗೆ
ಮಾಂಯ್ ಬರಲೆಂದು ಕಾಯುತ್ತ,
ರೈಟರ್ ಸಂಕಪ್ಪಣ್ಣನ ಬಾಯಿಂದ.

ಆಫ್ರಿಕಾ ಯಾಕೆ?
ಕೊಣಾಜೆಯ ಗುಡ್ಡದ ಮೇಲೆ ಸಂದರ್ಶನದಲ್ಲಿ ಕೇಳಿದರು.
ಎಲ್ಲರೂ ಕೇಳಿದರು: ಪಾದ್ರಿ, ಮದುವೆ ದಲ್ಲಾಳಿ,
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಗೆ ಕಾದ ಹೊತ್ತು
ಮೀನಿನ ಬುಟ್ಟಿ ಇಳಿಸಿ ನಿಂತ ಬೊಮ್ಮಿಯಕ್ಕ ಕೂಡ.
ಅಲ್ಲಿ ಹುಲಿ ಉಂಟಾ?
ಹುಲಿ ಇಲ್ಲ ಅಕ್ಕ, ಬೀಜ ಉಂಟು.

ಸಂದರ್ಶನಕ್ಕೆ ಬೇರೆ ಉತ್ತರ ಕೊಟ್ಟೆ.
ಸಂಪನ್ಮೂಲ, ಸಂಘರ್ಷ, ದುರ್ಬಲ ಪ್ರಭುತ್ವ:
ಇಸ್ತ್ರಿ ಹಾಕಿದ ಮಾತುಗಳು.
ಕೆಲಸ ಸಿಕ್ಕಿತು.

ನಿಜದ ಉತ್ತರ ಗೋಣಿಯ ಮೇಲಿತ್ತು.
ಮಾಂಯ್ ಕಾರ್ಖಾನೆಯಿಂದ ತಂದ ಹಳೆ ಗೋಣಿ, ನಮ್ಮ ಕಾಲೊರಸು,
ನೀಲಿ ಶಾಯಿಯಲ್ಲಿ ಅಚ್ಚಾದ ಊರು: ನಕಾಲಾ.
ಹತ್ತು ಮಳೆಗಾಲ ಆ ಊರಿನ ಮೇಲೆ
ಕೆಸರು ಒರಸಿ ಒಳಗೆ ಬಂದೆ.

ಅಂಗೋಶೆಯಲ್ಲಿ ಕಂಡದ್ದು ಮಾಡಿಲ್ಲದ ಕಾರ್ಖಾನೆ.
ಯಂತ್ರಕ್ಕೆ ಬಳ್ಳಿ ಹಬ್ಬಿ, ನೆರಳಲ್ಲಿ ಆಡು ಮಲಗಿತ್ತು.
ಮುರುಕು ಪೋರ್ಚುಗೀಸ್ ಕಲಿತು ಹೋಗಿದ್ದೆ;
ಜೈನಾಬು ಅಂಗೈ ಚಾಚಿ ‘ಕಾಜು’ ಅಂದಾಗ
ನಿಘಂಟು ಬೇಕಾಗಲಿಲ್ಲ, ನಮ್ಮ ಅಡುಗೆಮನೆಯ ಮಾತು.
ಅವಳದ್ದೂ ಜನೆಲ್, ನಮ್ಮದೂ ಜನೆಲ್,
ಒಂದೇ ಹಡಗು ಎರಡು ದಂಡೆಗೆ
ಇಳಿಸಿಹೋದ ಕಿಟಕಿ.

ಹದಿನಾರು ವರ್ಷದ ಯುದ್ಧ ಮುಗಿದ ಮೇಲೆ
ಅವಳಿಗೆ ಕೂಲಿ ಸಿಗಬೇಕಿತ್ತು.
ದೂರದ ಬ್ಯಾಂಕಿನವರು ಹೇಳಿದರಂತೆ
ಹಸಿಯಾಗಿಯೇ ಮಾರಿ, ರೈತನಿಗೆ ಲಾಭ ಎಂದು.
ಬೀಜ ಹಡಗು ಹತ್ತಿತು.
ಲಾಭ ಎಷ್ಟೆನ್ನುವುದಕ್ಕೆ ನನ್ನ ನಾಲ್ಕನೆಯ ಅಧ್ಯಾಯವಿದೆ
(ಉತ್ತರ: ಚಿಲ್ಲರೆ).
ಗೇಟಿಗೆ ಬೀಗ ಬಿದ್ದ ವರ್ಷ ಯಾವುದು ಕೇಳಿ
ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು.
ಆ ವರ್ಷ ನಮ್ಮ ಮನೆಗೆ ಮಡಲು ಹೋಗಿ ಹಂಚು ಬಂತು.
ಆ ವರ್ಷ ಮಾಂಯ್‌ಗೆ ಎರಡು ಪಾಳಿ, ನನಗೆ ಹೊಸ ಕೊಡೆ.
ಅಡಿಟಿಪ್ಪಣಿಯಲ್ಲಾದರೂ ಇರಲೆಂದು ಹಾಕಿದೆ.
ಮಾರ್ಗದರ್ಶಕರು ಕೆಂಪು ಗೆರೆ ಎಳೆದು
ಪಕ್ಕದಲ್ಲಿ ಬರೆದರು: ವೈಯಕ್ತಿಕ.

ಸೆಮಿನಾರಿನ ಚಹಾದ ಜೊತೆ
ಹುರಿದ ಗೋಡಂಬಿ ಬರುತ್ತದೆ.
ಹಿಂಸೆಯ ಮೂಲಗಳ ಬಗ್ಗೆ ಮಾತಾಡುತ್ತ
ಮುಷ್ಟಿಗಟ್ಟಲೆ ತಿನ್ನುತ್ತೇವೆ. ನಾನೂ.

ನನ್ನ ಹತ್ತೂ ಬೆರಳನ್ನು ವೀಸಾ ಯಂತ್ರ
ಒಂದೇ ಸಲಕ್ಕೆ ಓದಿತು.
ಮಾಂಯ್‌ನ ಹೆಬ್ಬೆಟ್ಟನ್ನು ರೇಷನ್ ಅಂಗಡಿಯದ್ದು
ಒಮ್ಮೆಯೂ ಒಪ್ಪಿದ್ದಿಲ್ಲ. ಗೇರೆಣ್ಣೆ ತಿಂದ ಗೆರೆಗಳು.
ಇನ್ನೊಮ್ಮೆ ಒತ್ತಿ ಬಾಯಮ್ಮ.
ಒತ್ತುತ್ತಾಳೆ.

ಪುಸ್ತಕ ಬಂದ ದಿನ ಅಂಗೈಯಲ್ಲೇ ತೂಗಿ
ಅರ್ಧ ಕಿಲೋ ಇರಬಹುದು ಎಂದಳು.
ಇಂಗ್ಲಿಷು ದಾಟಿ ದಾಟಿ ಚಿತ್ರ ಹುಡುಕಿದಳು.
ನೂರ ಹದಿಮೂರನೆಯ ಪುಟ: ಜೈನಾಬುವಿನ ಎರಡು ಕೈ.
ಮುಖವಿಲ್ಲ, ಸಂಶೋಧನೆಯ ನೀತಿ.
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ
‘ಇವಳು ಎಡಚಿ’ ಎಂದಳು.
‘ಬಲಗೈಯಲ್ಲಿ ಬೀಜ ಹಿಡಿದದ್ದು. ನೋಡು, ಕಪ್ಪೆಲ್ಲ ಅಲ್ಲೇ.’

ಎಂಟು ತಿಂಗಳು ನಾನು ಅವಳ ಎದುರು ಕೂತಿದ್ದೆ.

ಮಾಂಯ್ ತನ್ನ ಎಡಗೈಯನ್ನು ಆ ಬಲಗೈಯ ಪಕ್ಕ ಇಟ್ಟಳು,
ಬಳೆ ಅಳತೆ ನೋಡುವವಳ ಹಾಗೆ.
‘ಕಿಲೋಗೆ ಎಷ್ಟು ಕೊಡುತ್ತಿದ್ದರಂತೆ?’
ಹೇಳಿದೆ.
‘ನಮಗಿಂತ ಎಂಟಾಣೆ ಜಾಸ್ತಿ,’ ಎಂದು ನಕ್ಕಳು. ಆಮೇಲೆ
‘ಈಗ ಎಲ್ಲಿದ್ದಾಳೆ?’

ಗೊತ್ತಿಲ್ಲ.
ಉತ್ತರದ ಕಡೆ ಮತ್ತೆ ಬಂದೂಕು ಎದ್ದ ಮೇಲೆ
ಮಗಳ ಮನೆಗೆಂದು ಅತ್ತ ಹೋದವಳ ಫೋನು ತಾಗುತ್ತಿಲ್ಲ.
ಅದರ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ.

ಮಾಂಯ್ ಪುಸ್ತಕ ಮುಚ್ಚಲಿಲ್ಲ.
ಆ ಪುಟ ಹಾರದಂತೆ ಉಪ್ಪಿನ ಭರಣಿ ಹೇರಿ
ಬಂಗುಡೆ ಕೊಯ್ಯಲು ಎದ್ದಳು.